ಉಡಿಯೊಳಗಿನ ಬೀಗಗಳು

ಅವ್ವ ಮತ್ತು ನಾನು ಮೊರದಲ್ಲಿ ತೊಗರಿ ಬೇಳೆ ಹರವಿಕೊಂಡು ಹರಳು ಆರಿಸುತ್ತಿದ್ದೆವು. ಬೆಳಗಿನಿಂದ ಅವಳು ಅಪ್ಪನ ಮುಂದೆ ಸುಳಿದಿರಲಿಲ್ಲ. ತಪ್ಪು ಮಾಡಿದವನು ಅವಳ ಅಣ್ಣನ ಮಗ.

ಅಜಯಕುಮಾರ ಆಳಂದದಲ್ಲಿ ಮದುವೆ, ಬಸುರಿಯರಿಗೆ ಉಡಿ ತುಂಬುವ ಕುಬಸಗಳ ವಿಡಿಯೊ ಮಾಡುತ್ತಾನೆ. ಕನಸಿನಂಥದೊಂದು ಸಿನಿಮಾ ಮಾಡುತ್ತೇನೆಂದು ಹೋದ ತಿಂಗಳು ಭೂಸನೂರಿನ ಕಬ್ಬಿನ ಹೊಲದಲ್ಲಿ ನನ್ನನ್ನು ಮಣೆಯ ಮೇಲೆ ಕೂರಿಸಿದ್ದ. ಹಸಿರು ಸೀರೆ, ಹಸಿರು ಬಳೆ. ಸೀರೆ ಅವ್ವನದೇ. ಕಬ್ಬು ಕಡಿಯಲು ಬಂದಿದ್ದ ಐವರು ಹೆಂಗಸರು ಅಕ್ಕಿ, ಕೊಬ್ಬರಿಯ ಬದಲು ನನ್ನ ಉಡಿಗೆ ಬೀಗ ತುಂಬಿದರು. ಗೋಡೆಯಿಲ್ಲದ ಬಾಗಿಲೊಂದನ್ನು ತೆರೆದು ನಾನು ಒಳಗೆ ಹೋದೆ. ಒಳಗೂ ಕಬ್ಬೇ.

ನಿನ್ನೆ ಅದನ್ನು ಬಳಗದ ವಾಟ್ಸಾಪ್ ಗುಂಪಿಗೆ ಹಾಕಿದ. ಅವನ ವಿಡಿಯೊ, ಹಸಿರು ಸೀರೆ, ಉಡಿ. ಕುಬಸವೇ ಎಂದುಕೊಂಡರು ಎಲ್ಲರೂ. "ಎಷ್ಟ ತಿಂಗಳು?" ಎಂದು ಜೇವರ್ಗಿಯ ಅತ್ತೆ ಕೇಳಿದಳು. ನನಗಿನ್ನೂ ಮದುವೆಯಾಗಿಲ್ಲ. ಇಜೇರಿಯ ಸಂಬಂಧ ನಿಶ್ಚಯವಾಗಿ ಹದಿನೈದು ದಿನವಷ್ಟೇ. ಜೇವರ್ಗಿಯಿಂದ ಅದು ಇಜೇರಿಗೆ ಹೋಗಲು ಒಂದು ತಾಸು ಸಾಕಾಯಿತು.

ಊರೆಲ್ಲ ನೋಡಿದ ಆ ಸಿನಿಮಾ ನಾನು ನೋಡಿಲ್ಲ. ನನ್ನ ಹತ್ತಿರ ಫೋನಿಲ್ಲ. ಅಪ್ಪ ತನ್ನದನ್ನು ಕಿಸೆಯಿಂದ ತೆಗೆಯಲೊಲ್ಲ.

ಮಧ್ಯಾಹ್ನ ಹುಡುಗನ ದೊಡ್ಡಪ್ಪ ದೌಲತರಾಯರು ನಮ್ಮೂರು ಮಟಕಿಗೆ ಬಂದರು. ಅಪ್ಪ ಅಜಯನನ್ನೂ ಕರೆಸಿದ್ದ.

"ಬೀಗ ಅಂದ್ರ ಏನಪ್ಪಾ ಅರ್ಥ?" ದೌಲತರಾಯರು ಕೇಳಿದರು.

"ಅರ್ಥ ಇಲ್ರಿ. ಕನಸ ಬಿದ್ದಂಗ ನೋಡಬೇಕ್ರಿ," ಎಂದ ಅಜಯ.

"ಅರ್ಥ ಇಲ್ಲದ್ದು ಯಾಕ ಮಾಡಿದಿ?"

"ಅರ್ಥ ಇದ್ದದ್ದು ದಿನಾ ಮಾಡಾಕತ್ತೇನಲ್ರಿ. ತಾಳಿ ಕಟ್ಟೂದು, ಅಕ್ಕಿಕಾಳು ಹಾಕೂದು. ಬ್ಯಾಸರಾಗೇದ."

"ನಿನಗ ಬ್ಯಾಸರಾದ್ರ ನನ್ನ ಮಗಳನ್ನ ಬಸರಿ ಮಾಡಿ ತೋರಸ್ತೀ ಏನ್ಲೇ?" ಅಪ್ಪ ಹಲ್ಲು ಕಡಿದ.

"ಮಾಮಾ, ಅದರಾಗ ಬಸರಿ ಎಲ್ಲದಾಳ್ರಿ?"

"ಮತ್ತ ಸಿನಿಮಾದಾಗ ಮೊದಲ ಎದ್ದು ಬಾಗಲದಾಗ ಹೋಗಿ, ಆಮ್ಯಾಲ ಬಂದು ಮಣಿ ಮ್ಯಾಲ ಕುಂಡರ್ತಾಳಲ್ಲ?" ದೌಲತರಾಯರಿಗೆ ಅದೇ ಕೊರೆಯುತ್ತಿತ್ತು. "ಇದೇನ ಹಿಂದಮುಂದ?"

"ಕನಸಿನ್ಯಾಗ ಸರದಿ ಇರ್ತದೇನ್ರಿ?"

"ಮಂದ್ಯಾಗ ಇರ್ತದ. ಮೊದಲ ಕುಬಸ, ಆಮ್ಯಾಲ ಮದುವಿ ಅಂತ ನಾ ಯಾರಿಗೆ ಹೇಳ್ಕೋತ ಅಡ್ಡಾಡ್ಲಿ?"

ಒಂದು ತಾಸು ಇದೇ ನಡೆಯಿತು. ಮಣೆಯ ಮೇಲೆ ಕೂತವಳು ನಾನು. ಬೀಗಗಳು ಎಷ್ಟು ತಣ್ಣಗಿದ್ದವು, ಎಷ್ಟು ಭಾರವಿದ್ದವು ಎಂದು ನನಗೆ ಗೊತ್ತು. ನನ್ನನ್ನು ಯಾರೂ ಕೇಳಲಿಲ್ಲ. ಆರನೆಯ ತರಗತಿಗೆ ಸಾಲೆ ಬಿಡಿಸುವಾಗಲೂ ಹೀಗೇ ಪಡಸಾಲೆ ತುಂಬ ಮಾತಾಡಿದ್ದರು.

ಕೊನೆಗೆ ತೀರ್ಮಾನವಾಯಿತು. ಗುಂಪಿನಿಂದ, ಫೋನಿನಿಂದ, ಕಂಪ್ಯೂಟರಿನಿಂದ, ಎಲ್ಲ ಕಡೆಯಿಂದಲೂ ಅಳಿಸಿದರೆ ಸಂಬಂಧ ಉಳಿಯುತ್ತದೆ. ಅಜಯ ತಾನು ತಂದಿದ್ದ ಕಂಪ್ಯೂಟರು ತೆರೆದ. ಅಪ್ಪ ಮತ್ತು ದೌಲತರಾಯರು ಅದರ ಮೇಲೆ ಬಾಗಿದರು. ನಾನು ಮೊರ ಕೆಳಗಿಟ್ಟು ಪಡಸಾಲೆಯ ಬಾಗಿಲ ತನಕ ಹೋದೆ.

"ಅಳಸೂಕಿಂತ ಮೊದಲ ನನಗ ಒಮ್ಮಿ ತೋರಸ್ರಿ," ಎಂದೆ.

ಯಾರೂ ತಿರುಗಲಿಲ್ಲ.