ಕ್ಲಚ್ ಬಿಟ್ಟರೆ ಬರುವ ಸದ್ದು

ಸೊಸೆ, ಅಕ್ಕನ ಮಗಳು, ಕಾರನ್ನು ತಂದು ಷೆಡ್ಡಿನ ಮುಂದೆ ನಿಲ್ಲಿಸಿದಾಗ ಮೇಸ್ತ್ರಿ ಟ್ರ್ಯಾಕ್ಟರಿನ ಹೊಟ್ಟೆಯ ಕೆಳಗೆ ಮಲಗಿ ನಟ್ಟು ಬಿಗಿಯುತ್ತಿದ್ದ. ದೊಡ್ಡ ಚಕ್ರದ ಸಂದಿಯಿಂದ ಅವನಿಗೆ ಮೊದಲು ಕಂಡದ್ದು ಹೊಸ ಟೈರು, ಆಮೇಲೆ ಬಂಪರಿನ ಎಡತುದಿಯ ತಗ್ಗು. ಆ ತಗ್ಗು ಅವನಿಗೆ ಗೊತ್ತಿತ್ತು. ಹತ್ತೊಂಬತ್ತು ವರ್ಷದಿಂದ ಅಕ್ಕನ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಟಾರ್ಪಾಲಿನಡಿ ನಿಂತಿದ್ದ ಪುಟ್ಟ ಕಾರು ಅದು. ಭಾವ ಸತ್ತದ್ದು ಅದರಲ್ಲೇ.

“ಮಾವಾ, ಎದ್ದು ಬನ್ನಿ. ಒಂದು ತಮಾಷೆ ತೋರಿಸ್ತೀನಿ.”

ಅವನು ತೆವಳಿಕೊಂಡು ಹೊರಗೆ ಬಂದ. ಸೊಸೆ ಇಂಜಿನ್ ನಿಲ್ಲಿಸಿರಲಿಲ್ಲ. ಇಪ್ಪತ್ತನಾಲ್ಕರ ಹುಡುಗಿ, ಹಾಲಿನ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವವಳು. ಮೊಣಕೈವರೆಗೂ ಮಸಿ.

“ಇದನ್ನ ಯಾರು ಹೊರಗೆ ತೆಗೆದಿದ್ದು?”

“ಇನ್ಯಾರು? ಎರಡು ತಿಂಗಳಿಂದ ಇದರ ಹಿಂದೆ ಬಿದ್ದಿದೀನಿ. ಬ್ರೇಕು, ಬ್ಯಾಟರಿ, ಕಾರ್ಬೊರೇಟರು ಎಲ್ಲಾ ನಾನೇ. ನಿಮಗೆ ಹೇಳಿದ್ರೆ ಬೇಡ ಅಂತಿದ್ರಿ.”

“ನಿಮ್ಮಮ್ಮ?”

“ಬೀಗದ ಕೈ ಕೇಳಿದೆ, ಕೊಟ್ಲು. ಗೇರ್‌ಬಾಕ್ಸಿಗೆ ಮಾತ್ರ ಕೈ ಹಾಕಬೇಡ ಅಂದ್ಲು. ನೋಡಿದ್ರೆ ಸದ್ದು ಬರ್ತಿರೋದೇ ಅಲ್ಲಿಂದ.”

ಪಕ್ಕದ ಅಂಗಡಿಯ ಪಂಚರಿನವನು ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಅದ್ದಿ ಹಿಡಿದೇ ಕತ್ತು ಚಾಚಿದ. “ಏನ್ ಮೇಸ್ತ್ರಿ, ಗಾಡಿಗೆ ಹಲ್ಲುನೋವಾ? ಬೆಳಗ್ಗೆ ನನ್ನ ಅಂಗಡಿ ಮುಂದೆ ಹೋದಾಗ ಕೇಳಿದೆ, ಒಳಗೆ ಯಾರೋ ಕೂತ್ಕೊಂಡು ಬಾಗಿಲು ಬಡೀತಾ ಇದ್ದಂಗಿತ್ತು.”

“ನಿನ್ನ ಟ್ಯೂಬಲ್ಲಿ ಗುಳ್ಳೆ ಬರ್ತಾ ಇದೆ, ಅದನ್ನ ನೋಡ್ಕೋ,” ಅಂದ ಮೇಸ್ತ್ರಿ. ನಗು ಬರಲಿಲ್ಲ.

ಅವನು ಬಾನೆಟ್ ಎತ್ತಿದ. “ಕ್ಲಚ್ ಒತ್ತು.”

ಸೊಸೆ ಒತ್ತಿದಳು. ಇಂಜಿನ್ ಸದ್ದೊಂದೇ ಉಳಿಯಿತು.

“ಬಿಡು.”

ಬಿಟ್ಟಳು. ಮತ್ತೆ ಶುರುವಾಯಿತು. ಅಂದರೆ ದೋಷ ಇಂಜಿನಿನಲ್ಲಿ ಅಲ್ಲ, ಗೇರ್‌ಬಾಕ್ಸಿನೊಳಗೇ ಇದೆ. ಗೇರ್ ಹಾಕದೆ ನಿಂತಾಗಲೂ ಒಳಗೆ ತಿರುಗುತ್ತಲೇ ಇರುವ ಕೆಳಗಿನ ಶಾಫ್ಟಿನದು. ಮೇಸ್ತ್ರಿ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬಾಕ್ಸಿನ ಮೇಲಿಟ್ಟು ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿಕೊಂಡ. ಇಪ್ಪತ್ತೆರಡು ವರ್ಷದಿಂದ ಹೀಗೆ ಆಲಿಸಿ ಎಷ್ಟೋ ಗಾಡಿಗಳ ಕಾಯಿಲೆ ಹೇಳಿದ್ದ. ಸವೆದ ಬೇರಿಂಗು ಗೊರಗುಟ್ಟುತ್ತದೆ. ಮುರಿದ ಹಲ್ಲು ಒದೆಯುತ್ತದೆ. ಇದು ಎರಡೂ ಅಲ್ಲ. ಸಣ್ಣ ಮಣಿಗಳನ್ನು ಬೆರಳಲ್ಲಿ ಸರಿಸಿದಂಥ ಸರಸರ. ಆಮೇಲೆ ಒಂದು ‘ಟಕ್’. ಮತ್ತೆ ಸರಸರ. ಮತ್ತೆ ‘ಟಕ್’.

ಅವನ ತುಟಿ ಅಲುಗುತ್ತಿತ್ತು. ಅಷ್ಟು ವೇಗದಲ್ಲಿ ತಿರುಗುವುದನ್ನು ಯಾವ ಕಿವಿಯೂ ಎಣಿಸಲಾರದು ಅಂತ ಅವನಿಗೆ ಗೊತ್ತಿತ್ತು. ಆದರೂ ತುಟಿ ಎಣಿಸುತ್ತಿತ್ತು. ಹತ್ತೊಂಬತ್ತು, ಇಪ್ಪತ್ತು, ಇಪ್ಪತ್ತೊಂದು, ಇಪ್ಪತ್ತೆರಡು. ಟಕ್. ಅದು ಭಾವ ಎಣಿಸುತ್ತಿದ್ದ ಲಯ.

ಭಾವ ಎಣಿಸುತ್ತಿದ್ದದ್ದು ನೀಡಲ್ ರೋಲರುಗಳನ್ನು. ಅರ್ಧ ಬೆಂಕಿಕಡ್ಡಿಯಷ್ಟು ಉದ್ದದ ಉಕ್ಕಿನ ತುಂಡುಗಳು. ಕೆಳಗಿನ ಶಾಫ್ಟಿನ ಸುತ್ತ ಗ್ರೀಸಿನಲ್ಲಿ ಅಂಟಿಸಿ ಒಂದೊಂದಾಗಿ ನಿಲ್ಲಿಸಬೇಕು. ಒಂದೊಂದು ತುದಿಗೆ ಇಪ್ಪತ್ತಮೂರು. ಭಾವ ಗಟ್ಟಿಯಾಗಿ ಎಣಿಸುತ್ತ ಇಪ್ಪತ್ತೆರಡನ್ನು ನಿಲ್ಲಿಸಿ ಕೈ ತೆಗೆಯುತ್ತಿದ್ದ. ಕೊನೆಯದನ್ನು ಕಲಿಯುವವನು ಕೂರಿಸಿ ‘ಇಪ್ಪತ್ತಮೂರು’ ಅನ್ನಬೇಕು. ಭಾವನ ಷೆಡ್ಡಿನ ಪದ್ಧತಿಯೇ ಹಾಗೆ. ಕೆಲಸ ಇಬ್ಬರ ಬಾಯಲ್ಲೂ ಮುಗಿಯಬೇಕು ಎನ್ನುತ್ತಿದ್ದ ಭಾವ. ಭಾವನ ಕಾರಿನ ಬಾಕ್ಸು ಕಟ್ಟಿದ ಮಧ್ಯಾಹ್ನ ಕಲಿಯುವವನಾಗಿದ್ದ ಮೇಸ್ತ್ರಿಗೆ ಹತ್ತೊಂಬತ್ತು ವಯಸ್ಸು, ಮನಸ್ಸೆಲ್ಲ ರಸ್ತೆಯ ಮೇಲೆ. ಇಪ್ಪತ್ತಮೂರು ಎಂದದ್ದು ಅವನಿಗೆ ನೆನಪಿದೆ. ಬೆರಳಲ್ಲಿ ರೋಲರು ಇತ್ತೋ ಇಲ್ಲವೋ, ನೆನಪಿಲ್ಲ. ಮೂರನೆಯ ದಿನ ಕಾಲುವೆಯ ತಿರುವಿನಲ್ಲಿ ಭಾವನ ಕಾರು ನೆಟ್ಟಗೆ ಕಲ್ಲುಕಟ್ಟೆಗೆ ಹೋಗಿ ಹೊಡೆಯಿತು. ಅಪಘಾತದ ಐದನೆಯ ದಿನ ಪರೀಕ್ಷೆಗೆ ಬಂದ ಅಧಿಕಾರಿ ಎಲ್ಲ ಗೇರನ್ನೂ ಹಾಕಿ, ಚಕ್ರ ತಿರುಗಿಸಿ ನೋಡಿ, ಗಾಡಿಯಲ್ಲಿ ದೋಷವಿಲ್ಲ ಎಂದು ಬರೆದ. ಹಾಗಾದರೆ ನಿದ್ದೆ ಹೋಗಿದ್ದಾನೆ ಎಂದಿತು ಊರು. ಸೊಸೆ ಶಾಲೆಗೆ ಸೇರಿದಾಗ ಮಕ್ಕಳು ಅವಳನ್ನು ತೂಕಡಿಕೆ ಎಂದು ಕರೆದವು. ಈಗಲೂ ಕೆಲವರು ಕರೆಯುತ್ತಾರೆ.

“ಬೇರಿಂಗು ಅಷ್ಟೇ,” ಅಂದ ಮೇಸ್ತ್ರಿ, ಬಾನೆಟ್ ಇಳಿಸುತ್ತ. “ಬಿಟ್ಟು ಹೋಗು. ಮುಂದಿನ ವಾರ ನೋಡ್ತೀನಿ.”

“ನಾನು ರಜೆ ಹಾಕಿ ಬಂದಿದೀನಿ. ಇವತ್ತೇ ಬಿಚ್ಚೋಣ.” ಆಮೇಲೆ ಬೇರೆಯೇ ದನಿಯಲ್ಲಿ ಕೇಳಿದಳು. “ಮಾವ, ಬಿಚ್ಚಿ ನೋಡಿದ್ರೆ ಗೊತ್ತಾಗುತ್ತಾ? ಅಪ್ಪ ನಿಜವಾಗ್ಲೂ ನಿದ್ದೆ ಹೋಗಿದ್ರಾ, ಇಲ್ಲ ಇದೇ ಕೈ ಕೊಡ್ತಾ ಅಂತ?”

ಅವನು ಅವಳ ಮುಖ ನೋಡದೆ ಸ್ಪ್ಯಾನರುಗಳ ಕಟ್ಟು ಬಿಚ್ಚಿದ.

ಇಬ್ಬರೂ ಸೇರಿ ಬಾಕ್ಸನ್ನು ಇಳಿಸಿ ಮೇಜಿನ ಮೇಲಿಡುವ ಹೊತ್ತಿಗೆ ಮಧ್ಯಾಹ್ನವಾಯಿತು. ಮುಚ್ಚಳ ತೆಗೆದರೆ ಮತ್ತೆ ಕೂರಿಸಲು ಹೊಸ ಗ್ಯಾಸ್ಕೆಟ್ ಬೇಕು, ಪೇಟೆಗೆ ಹೋಗಿ ತಾ ಅಂತ ಅವನು ಸೊಸೆಯನ್ನು ತನ್ನ ಸ್ಕೂಟರು ಕೊಟ್ಟು ಕಳಿಸಿದ. ಗ್ಯಾಸ್ಕೆಟ್ ಕಾಗದದ ಒಂದು ಸುರುಳಿ ಗೋಡೆಯ ಮೇಲೇ ನೇತಾಡುತ್ತಿತ್ತು. ಅವಳು ಅದನ್ನು ನೋಡಿದಳೋ ಇಲ್ಲವೋ, ಹೋದಳು.

ಅವನು ಬಾಗಿಲು ಅರ್ಧ ಮುಂದೆ ಮಾಡಿದ. ಇಂಜಿನಿನಿಂದ ಕಳಚಿಟ್ಟಿದ್ದ ಬಾಕ್ಸಿನ ಶಾಫ್ಟನ್ನು ಕೈಯಲ್ಲೇ ಮೆಲ್ಲಗೆ ತಿರುಗಿಸಿದ. ಏನೂ ಇಲ್ಲ. ಇನ್ನಷ್ಟು ತಿರುಗಿಸಿದ. ಏನೂ ಇಲ್ಲ. ಆಮೇಲೆ ಅವನ ಅಂಗೈಯೊಳಗೇ ಯಾರೋ ಬೆರಳಿನ ಗಂಟಿನಿಂದ ಬಡಿದಂತೆ ‘ಟಕ್’. ಅವನು ಕೈ ಕಿತ್ತುಕೊಂಡ.

ಬಿಚ್ಚಿದ. ಶಾಫ್ಟನ್ನು ಹೊರಗೆಳೆದಾಗ ರೋಲರುಗಳು ಹಳೆಯ ಗ್ರೀಸಿನೊಂದಿಗೆ ಬಿಳಿ ಬಟ್ಟೆಯ ಮೇಲೆ ಸುರಿದವು. ಮೊದಲ ತುದಿಯವು ಇಪ್ಪತ್ತಮೂರು. ಎರಡನೆಯ ತುದಿಯವನ್ನು ಒಂದೊಂದಾಗಿ ಸರಿಸಿದ. ಇಪ್ಪತ್ತೊಂದು, ಇಪ್ಪತ್ತೆರಡು. ಇಪ್ಪತ್ತಮೂರು.

ಇತ್ತು.

ಅವನು ಸ್ಟೂಲಿನ ಮೇಲೆ ಕೂತ. ಇತ್ತು! ತಾನು ಹಾಕಿದ್ದ! ಹತ್ತೊಂಬತ್ತು ವರ್ಷ ಅಕ್ಕನ ಮನೆಯಲ್ಲಿ ತಟ್ಟೆಯ ಮುಂದೆ ತಲೆ ತಗ್ಗಿಸಿ ಕೂತದ್ದೆಲ್ಲ ಸುಮ್ಮನೆ. ಅಷ್ಟರಲ್ಲಿ ಕೈ, ಮನಸ್ಸನ್ನು ಕೇಳದೆ ತನ್ನ ಕೆಲಸ ಮುಂದುವರಿಸಿತ್ತು. ಒಂದೊಂದು ರೋಲರನ್ನೂ ಹೆಬ್ಬೆರಳು ತೋರುಬೆರಳಿನ ನಡುವೆ ಉರುಳಿಸಿ ನೋಡುತ್ತಿತ್ತು. ಇಪ್ಪತ್ತೆರಡು ಸವೆದಿದ್ದವು. ಅವು ಹಳೆಯವೇ, ಭಾವ ಇನ್ನೂ ಓಡುತ್ತವೆ ಎಂದು ತೊಳೆದು ಮತ್ತೆ ಹಾಕಿದ್ದವು. ಒಂದು ಮಾತ್ರ ಸವೆದಿರಲಿಲ್ಲ. ಉಳಿದವಕ್ಕಿಂತ ಕೂದಲೆಳೆಯಷ್ಟು ದಪ್ಪ. ಅಂಚು ಇನ್ನೂ ಹರಿತ. ಉಳಿದವುಗಳ ಜೊತೆ ಅದು ಎಂದೂ ಓಡಿಯೇ ಇರಲಿಲ್ಲ. ಒಂದು ಸುತ್ತಿಗೊಮ್ಮೆ ಬಡಿಯುತ್ತಿದ್ದದ್ದು ಅದೇ.

ಶಾಫ್ಟನ್ನು ಬೆಳಕಿಗೆ ಹಿಡಿದ. ಅದರ ಮೇಲೆ ಓರೆಯಾಗಿ ಒಂದು ಗಾಯ. ಒಂದು ರೋಲರಿನ ಜಾಗ ಖಾಲಿ ಇದ್ದು, ಪಕ್ಕದ್ದು ಅಡ್ಡ ತಿರುಗಿ, ಓಡುವ ಗಾಡಿಯ ಚಕ್ರವನ್ನು ಒಂದೇ ಏಟಿಗೆ ಹಿಡಿದರೆ ಆಗುವಂಥ ಗಾಯ.

ಅಪಘಾತವಾದ ಮೇಲೆ ಯಾರೋ ಇದನ್ನು ಬಿಚ್ಚಿದ್ದಾರೆ. ಅಡ್ಡ ತಿರುಗಿದ್ದನ್ನು ನೇರ ಮಾಡಿ, ಇಲ್ಲದ್ದನ್ನು ಡಬ್ಬಿಯಿಂದ ತಂದಿಟ್ಟು, ಮತ್ತೆ ಮುಚ್ಚಿದ್ದಾರೆ.

“ಎಣಿಸಿದೆಯಾ?”

ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ ಗೊತ್ತಿಲ್ಲ. ಬಿಸಿಲು ಅವಳ ಬೆನ್ನಿಗಿತ್ತು, ಮುಖ ಕಾಣುತ್ತಿರಲಿಲ್ಲ.

“ಅಕ್ಕಾ…”

“ಎಂಟು ವರ್ಷ ಅವರಿಗೆ ಸಾಮಾನು ತೊಳೆದು ಕೊಟ್ಟವಳು ನಾನು. ಬಾಕ್ಸು ಬಿಚ್ಚೋಕೆ ಬರಲ್ಲ ಅಂದ್ಕೊಂಡಿದ್ಯಾ?” ದನಿ ಸಾದಾ ಇತ್ತು, ಹಿಟ್ಟು ಹದವಾಗಿದೆಯಾ ಎಂದು ಕೇಳುವಂತೆ. “ಅವರು ಹೋದ ನಾಲ್ಕನೇ ದಿನ ಬಿಚ್ಚಿದೆ. ಮಾರನೇ ದಿನ ಅಧಿಕಾರಿ ಬರೋನಿದ್ದ. ನೋಡಿದೆ, ಇಪ್ಪತ್ತೆರಡೇ ಇತ್ತು. ಕೊನೇದು ಯಾರ ಕೈಯದು ಅಂತ ನನಗೆ ಯಾರೂ ಹೇಳಬೇಕಿರಲಿಲ್ಲ.”

“ನಿನಗೆ ಗೊತ್ತಿತ್ತು. ಇಷ್ಟು ವರ್ಷ…”

“ಒಬ್ಬರು ಹೋಗಿದ್ರು. ನೀನೂ ಜೈಲಿಗೆ ಹೋದ್ರೆ ನಮಗೆ ದಿಕ್ಕು ಯಾರು? ಸತ್ತವರಿಗೆ ಹೆಸರು ಕೆಟ್ಟರೇನು ಅಂದ್ಕೊಂಡೆ.” ಅವಳು ಒಳಗೆ ಬಂದು ಬಟ್ಟೆಯ ಮೇಲಿನ ರೋಲರುಗಳನ್ನು ನೋಡಿದಳು, ಮುಟ್ಟಲಿಲ್ಲ. “ನಾನಿಟ್ಟ ಇಪ್ಪತ್ತಮೂರನೇದು ಸುಮ್ಮನಿರಲಿಲ್ಲ ಕಣೋ. ನಿಂತಲ್ಲೇ ತುಕ್ಕು ಹಿಡಿದು ಎಲ್ಲಾ ಬಿಗಿದುಬಿಡುತ್ತೆ ಅಂತ ವಾರಕ್ಕೊಮ್ಮೆ ಕೊಟ್ಟಿಗೆಗೆ ಹೋಗಿ ಜಾಕ್ ಹಾಕಿ ಚಕ್ರ ತಿರುಗಿಸ್ತಿದ್ದೆ. ಬಡಿಯೋದು. ನೀನು ಊಟಕ್ಕೆ ಬಂದಾಗ ನಿನಗೆ ಬಡಿಸ್ತಾ ಇದ್ರೂ ಕೇಳಿಸೋದು. ನೀನು ಇನ್ನೊಂಚೂರು ಹಾಕು ಅಂತಿದ್ದೆ.”

ಮೇಸ್ತ್ರಿ ಕಣ್ಣು ಮುಚ್ಚಿದ. ಹತ್ತೊಂಬತ್ತು ವರ್ಷ, ಕತ್ತಲ ಕೊಟ್ಟಿಗೆಯಲ್ಲಿ ಒಬ್ಬಳೇ ಕೂತು ಚಕ್ರ ತಿರುಗಿಸುವ ಹೆಂಗಸು ಅವನ ರೆಪ್ಪೆಯೊಳಗೆ ಕಂಡಳು. ತಾನು ಒಳಗೆ ಕೈ ತೊಳೆದು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ ದಿನಗಳಲ್ಲೂ.

ಹೊರಗೆ ಸ್ಕೂಟರ್ ನಿಂತಿತು.

“ಬೇರಿಂಗು ಅನ್ನು,” ಅಂದಳು ಅಕ್ಕ ಬೇಗ ಬೇಗ. “ಎಲ್ಲಾ ಹೊಸದು ಹಾಕು, ಸದ್ದು ನಿಲ್ಲುತ್ತೆ. ಅವಳು ಓಡಿಸ್ಕೊಂಡು ಹಾಯಾಗಿರಲಿ. ನನ್ನಾಣೆ.”

ಸೊಸೆ ಕಾಗದದ ಸುರುಳಿ ಹಿಡಿದು ಒಳಗೆ ಬಂದಳು. ಅಮ್ಮನನ್ನು ನೋಡಿದಳು, ಮಾವನನ್ನು ನೋಡಿದಳು. “ಸಿಕ್ತಾ?”

ಬೇರಿಂಗು ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ರೋಲರುಗಳೂ ಬೇರಿಂಗೇ, ಆಡಿದ್ದರೆ ಅದು ಸುಳ್ಳೂ ಆಗುತ್ತಿರಲಿಲ್ಲ.

“ನಿಮ್ಮಪ್ಪ ಎಚ್ಚರ ಇದ್ದ,” ಅಂದ. “ಚಕ್ರ ಹಿಡ್ಕೊಳ್ತು. ಒಂದು ರೋಲರು ಹಾಕಿರಲಿಲ್ಲ. ಹಾಕಬೇಕಾಗಿದ್ದವನು ನಾನು.” ಮತ್ತೆ ಉಳಿದದ್ದನ್ನೂ ಹೇಳಿದ, ಅಕ್ಕನದೂ ಸೇರಿಸಿ, ಏನೂ ಬಿಡದೆ.

ಸೊಸೆ ಕೂಗಾಡಲಿಲ್ಲ. ಮೇಜಿನ ಹತ್ತಿರ ಬಂದು ರೋಲರುಗಳನ್ನು ಬೆರಳಲ್ಲಿ ಒಂದೊಂದಾಗಿ ಉರುಳಿಸುತ್ತ ಹೋದಳು. ಹದಿನಾರನೆಯದಕ್ಕೋ ಹದಿನೇಳನೆಯದಕ್ಕೋ ಅವಳ ಬೆರಳು ನಿಂತಿತು. ಅದನ್ನು ಹಿಡಿದೇ ಅಮ್ಮನ ಕಡೆ ತಿರುಗಿದಳು.

“ಶಾಲೆಯಿಂದ ಅತ್ಕೊಂಡು ಬಂದ ದಿನ ನೀನು ಏನಂದೆ?”

ಅಕ್ಕ ಸೆರಗಿನ ತುದಿ ಹಿಡಿದು ಬಾಗಿಲ ಕಡೆ ನೋಡಿದಳು.

“ಹೇಳಮ್ಮಾ.”

“ಅಪ್ಪನಿಗೆ ತುಂಬಾ ದಣಿವಾಗಿತ್ತು, ಅಂದೆ.”

ಸೊಸೆ ತಲೆಯಾಡಿಸಿದಳು. ಹೊರಗೆ ಹೋಗಿ ಗೇರ್‌ಬಾಕ್ಸಿಲ್ಲದ ಕಾರಿನೊಳಗೆ ಕೂತು ಬಾಗಿಲು ಹಾಕಿಕೊಂಡಳು. ಅಕ್ಕ ಅವಳ ಹಿಂದೆ ಹೋಗಿ ಗಾಜಿನ ಹತ್ತಿರ ನಿಂತಳು. ಗಾಜು ಇಳಿಯಲಿಲ್ಲ.

ಪಂಚರಿನವನು ಗೋಡೆಯಾಚೆಯಿಂದ ಕೂಗಿದ. “ಏನಂತೆ ಮೇಸ್ತ್ರಿ, ಪತ್ತೆ ಆಯ್ತಾ?”

ಅವನ ಕಿವಿಗೆ ಬಿದ್ದದ್ದು ಸಂಜೆಯೊಳಗೆ ಡೈರಿ, ಗಿರಣಿ, ಬಸ್ ನಿಲ್ದಾಣ ದಾಟಿ ಕಾಲುವೆಯಾಚೆ ತಲುಪುತ್ತದೆ. ಮೇಸ್ತ್ರಿ ಕೈ ಒರೆಸಿಕೊಂಡು ರಸ್ತೆಗೆ ಬಂದ. ಅಕ್ಕ ಅಲ್ಲಿಂದಲೇ ಬೇಡವೆಂಬಂತೆ ಕೈ ಎತ್ತಿದಳು.

“ಆಯ್ತು,” ಅಂದ ಅವನು, ಎದುರು ಸಾಲಿನವರಿಗೂ ಕೇಳಿಸುವಷ್ಟು ಗಟ್ಟಿಯಾಗಿ. “ಟ್ಯೂಬು ಕೆಳಗಿಟ್ಟು ಇಲ್ಲಿ ಬಾ. ಭಾವನ ವಿಷಯ ಒಂದು ಹೇಳೋದಿದೆ.”