ಅಮ್ಮನ ಹೆಸರಿನ ಕಲ್ಲು

ತಾನು ಕಂಡುಹಿಡಿದ ಪುಟ್ಟ ಕಲ್ಲಿನ ಕ್ಷುದ್ರಗ್ರಹದ ಕಕ್ಷೆ ಖಚಿತವಾಗಿ, ಹೆಸರಿಡುವ ಅವಕಾಶ ಸಿಕ್ಕಾಗಿನಿಂದ ಖಗೋಳ ವಿಜ್ಞಾನಿ ಮಗಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಅದಕ್ಕೆ ಅಮ್ಮನ ಹೆಸರನ್ನೇ ಇಡಬೇಕೆಂದು ಅವಳ ಹಟ. ಅಮ್ಮನೋ, ಒಲೆಯಿಂದ ನಲ್ಲಿಗೆ, ನಲ್ಲಿಯಿಂದ ಒಲೆಗೆ; ನಿಂತು ಕೇಳುವಷ್ಟೂ ಪುರುಸೊತ್ತಿಲ್ಲ. ಮಗಳು ಬೆನ್ನು ಹತ್ತಿಯೇ ವಿಷಯ ಹೇಳಿದಳು.

"ಆ ಕಲ್ಲು ಏನು ಮಾಡುತ್ತೆ?" ಎಂದಳು ಅಮ್ಮ.

"ಸೂರ್ಯನ್ನ ಸುತ್ತುತ್ತೆ ಕಣಮ್ಮ. ಅದೇ ದಾರೀಲಿ, ಕೋಟ್ಯಂತರ ವರ್ಷ."

ಅಮ್ಮ ಸೌಟು ಕುಕ್ಕಿದಳು. "ನಿಮ್ಮಪ್ಪನ ಸುತ್ತ, ನಿನ್ನ ಸುತ್ತ, ಈ ಒಲೆ ಸುತ್ತ ಸುತ್ತಿ ಸುತ್ತಿ ಕಾಲು ಸವೆದುಹೋಯ್ತು. ಇನ್ನು ಆಕಾಶದಲ್ಲೂ ನನ್ನ ಹೆಸರು ಗಾಣದೆತ್ತಿನ ಹಾಗೆ ತಿರುಗಬೇಕಾ?"



ನಲ್ಲಿಯತ್ತ ಹೊರಟ ಅಮ್ಮ ಅರ್ಧದಲ್ಲೇ ನಿಂತಳು. ಕಿಟಕಿಯಾಚೆ ನೋಡುತ್ತಾ ಮೆಲ್ಲಗೆ ಕೇಳಿದಳು: "ಒಂದ್ಸಲ ಬಂದು, ತಿರುಗೀನೂ ನೋಡದೆ ಹೊರಟುಹೋಗೋ ಕಲ್ಲು ಯಾವುದೂ ಇಲ್ವಾ ನಿನ್ನ ಹತ್ರ?"