ದಾಯಾದಿಯ ಕಾರು ಮಾರಾಟಕ್ಕಿದೆ

ಪಾಂಡವಪುರದ ಕೇಬಲ್ ಮರಿಸ್ವಾಮಿಯ ಕಾರು ಚಾನೆಲ್ಲನ್ನು ಮೊದಮೊದಲು ನಾಯಿಯೂ ಮೂಸುತ್ತಿರಲಿಲ್ಲ. ಕೇಬಲ್ಲಿನಲ್ಲಿ ಖಾಲಿ ಬಿದ್ದಿದ್ದ ಒಂದು ನಂಬರಿನಲ್ಲಿ ಸೆಕೆಂಡ್ ಹ್ಯಾಂಡ್ ಕಾರುಗಳ ಫೋಟೊ, ಕೆಳಗೆ ಓನರುಗಳ ಫೋನ್ ನಂಬರು, ಹಿಂದೆ ನಾದಸ್ವರ. ಕಾರ್ಯಕ್ರಮದ ಹೆಸರು ‘ಮಾರಾಟಕ್ಕಿದೆ’. ಒಂದು ಸಲ ಗಂಜಾಂನಲ್ಲಿ, ನಿಮಿಷಾಂಬ ಗುಡಿಯ ಮುಂದೆ ಯಾರದೋ ಹೊಸ ಕಾರಿಗೆ ಪೂಜೆ ಮಾಡಿಸುತ್ತಿದ್ದುದನ್ನು ವಿಡಿಯೋ ಮಾಡಿ ಚಾನೆಲ್ಲಿಗೆ ಹಾಕಿದ. ಸಂಜೆಗೆಲ್ಲ ಕೆ.ಆರ್. ಪೇಟೆಯಿಂದ ಫೋನು: ‘ಅದ್ಯಾರ್ ಸಾಮಿ ಬಿಳೀ ಕಾರ್ ತಗಂಡೋನು? ನಮ್ಮೂರೋನ್ ಇದ್ದಂಗವ್ನೆ. ಇನ್ನೊಂದ್ಸಲ ತೋರ್ಸಿ.’ ಮರಿಸ್ವಾಮಿಗೆ ಅವತ್ತೇ ಜ್ಞಾನೋದಯವಾಯಿತು.

ಅಲ್ಲಿಂದ ಚಾನೆಲ್ಲಿಗೆ ಶುಕ್ರದೆಸೆ. ‘ಹೊಸ ಕಾರು’ ಎಂಬ ಕಾರ್ಯಕ್ರಮ ಶುರುವಾಯಿತು. ಶ್ರೀರಂಗಪಟ್ಟಣದಿಂದ ನಾಗಮಂಗಲದವರೆಗೆ ಜನ ಮುದ್ದೆ ನುಂಗುತ್ತ ಇನ್ನೊಬ್ಬರ ಕಾರು ನೋಡಿ ಹೊಟ್ಟೆ ಉರಿಸಿಕೊಂಡರು. ಆಮೇಲೆ ಕೇಬಲ್ಲಿನ ಜೊತೆಗೆ ಮೊಬೈಲಿನಲ್ಲೂ ನೇರಪ್ರಸಾರ ಬಂತು. ಪೂಜೆ ಮುಗಿದು ಚಕ್ರದಡಿ ನಿಂಬೆಹಣ್ಣು ಇಟ್ಟರೆ ಕ್ಯಾಮೆರಾ ಚಾಲೂ. ನಿಂಬೆಹಣ್ಣಿನ ಮೇಲೆ ಯಾರು ಓಡಿಸುತ್ತಾನೋ ಅವನೇ ಓನರು, ಜನ ಹೆಸರು ಕೇಳುವ ಗೋಜಿಗೂ ಹೋಗುತ್ತಿರಲಿಲ್ಲ. ನಾಲ್ಕು ತಾಲ್ಲೂಕಿನ ಹೊಟ್ಟೆಕಿಚ್ಚಿನಲ್ಲಿ ಮರಿಸ್ವಾಮಿ ತನ್ನ ಬೇಳೆ ಬೇಯಿಸಿಕೊಂಡ. ಅವನು ಮಾತ್ರ ಹಳೇ ಸ್ಕೂಟರಿನಲ್ಲೇ ಓಡಾಡುತ್ತಿದ್ದ.

ಊರಿನ ಹೊಟ್ಟೆಕಿಚ್ಚು ಹಾಗಿರಲಿ, ಮರಿಸ್ವಾಮಿಯದೇ ಒಂದಿತ್ತು. ಅದರ ಹೆಸರು ಮುದ್ದಯ್ಯ, ಚಿಕ್ಕಪ್ಪನ ಮಗ. ಬಿಂಡಿಗನವಿಲೆಯಲ್ಲಿ ಎರಡು ಮನೆಗೂ ನಡುವೆ ಒಂದೇ ಗೋಡೆ. ಎಸ್ಸೆಸ್ಸೆಲ್ಸಿ ಡುಮ್ಕಿ ಹೊಡೆದು ಹಸು ಕಟ್ಟಿದ ಮುದ್ದಯ್ಯನಿಗೆ ಈಗ ಕೊಟ್ಟಿಗೆ ತುಂಬ ಸೀಮೆಹಸು, ಮೇಲೆ ತಾರಸಿ ಮನೆ. ಪಿಯುಸಿ ಪಾಸಾದ ಮರಿಸ್ವಾಮಿ ಇನ್ನೂ ಕಂಬ ಹತ್ತಿ ಇಳಿಯುತ್ತಿದ್ದ. ಹಬ್ಬಕ್ಕೆ ಊರಿಗೆ ಹೋದರೆ ಅವನವ್ವ ಪುಟ್ಟತಾಯಮ್ಮ ಸಾರು ಬಿಡುವಾಗಲೂ ಅದೇ ರಾಗ: ‘ಮುದ್ದಯ್ಯನ್ ನೋಡ್ಲಾ ಮಗ, ಎಂಗ್ ಮುಂದ್ಕೆ ಬಂದ್ಬುಟ್ಟ!’ ಮರಿಸ್ವಾಮಿ ಅರ್ಧಕ್ಕೇ ಕೈ ತೊಳೆಯುತ್ತಿದ್ದ.

ಅಂಥ ಮುದ್ದಯ್ಯನೇ ಒಂದು ದಿನ ಫೋನ್ ಮಾಡಿದ. ‘ಅಣ್ಣ, ತಿಂಗಳುಗಟ್ಲೆ ಕಾದಿದ್ದುಕ್ಕೆ ಕಾರ್ ಬಂತು ಕಣಣ್ಣ. ಗಂಜಾಂಗೆ ತತ್ತೀನಿ. ನಿನ್ ಚಾನೆಲ್ಲಲ್ಲೇ ಬರ್ಬೇಕು.’

ಕೆಂಪು ಕಾರು, ಅದಕ್ಕೆ ಮಾರುದ್ದ ಮಲ್ಲಿಗೆ ಹಾರ. ಕ್ಯಾಮೆರಾದಲ್ಲಿ ನೋಡಿದಷ್ಟೂ ಮರಿಸ್ವಾಮಿಯ ಎದೆಯಲ್ಲಿ ಮೆಣಸಿನಕಾಯಿ ಅರೆದಂತಾಯಿತು. ‘ಇವತ್ತು ಲೈವ್ ಕೆಟ್ಟೋಗೈತೆ. ಸಂಜೀಕ್ ಆಕ್ತೀನಿ ಬುಡು’ ಎಂದು ಸುಳ್ಳು ಹೇಳಿದ.

ಸಂಜೆ ಕಂಪ್ಯೂಟರ್ ಮುಂದೆ ಕುಳಿತು, ಆ ಕಾರನ್ನು ‘ಹೊಸ ಕಾರು’ ಬಿಟ್ಟು ‘ಮಾರಾಟಕ್ಕಿದೆ’ಗೆ ಹಾಕಿದ. ಕೆಳಗೆ ಮುದ್ದಯ್ಯನ ನಂಬರು. ಕೈ ತಪ್ಪಿದ್ದಲ್ಲ, ಬೇಕೆಂದೇ ಹಾಕಿದ್ದು. ಹಾರ ಬಾಡುವ ಮೊದಲೇ ಮಾರುತ್ತಿದ್ದಾನೆ ಎಂದರೆ ಪಾಪರ್ ಆಗಿರಬೇಕು ಎಂದು ಜನ ಆಡಿಕೊಳ್ಳಬೇಕು. ಮುದ್ದಯ್ಯ ಒಂದೇ ಒಂದು ಸಲ ತಲೆ ತಗ್ಗಿಸಿ ನಿಂತದ್ದನ್ನು ತಾನು ನೋಡಬೇಕು. ಮರಿಸ್ವಾಮಿಗೆ ಅಷ್ಟಾದರೆ ಸಾಕಿತ್ತು.

ಎರಡು ದಿನ ಬಿಟ್ಟು ಮುದ್ದಯ್ಯನ ಫೋನು ಬಂದಾಗ, ಕಂಪ್ಯೂಟರ್ ಮಿಸ್ಟೇಕು ಎಂಬ ನೆಪ ನಾಲಿಗೆ ತುದಿಯಲ್ಲಿ ರೆಡಿ ಇತ್ತು.

‘ಅಣ್ಣೋ, ಎಂತಾ ತಲೆ ಕಣಣ್ಣ ನಿಂದು!’ ಎಂದ ಮುದ್ದಯ್ಯ. ‘ಕಿಕ್ಕೇರಿ ಕಂಟ್ರಾಕ್ಟ್ರು ಮಗಳ ಮದ್ವೆಗೆ ಇದೇ ಕಾರ್ ಬೇಕು ಅಂತ ಅಲೀತಿದ್ರಂತೆ. ಬುಕ್ ಮಾಡಿ ಕಾಯಕ್ಕೆ ಪುರ್ಸೊತ್ತಿಲ್ಲ. ನಾನ್ ಕೊಟ್ಟಿದ್ದುಕ್ಕಿಂತ ಮೇಲೇ ಕೊಟ್ಟು ತಗಂಡೋದ್ರು. ಇಂಗೊಂದ್ ದಾರಿ ಐತೆ ಅಂತ ನಂಗೆಲ್ಲಿ ಗೊತ್ತಿತ್ತು? ಇನ್ನೂ ದೊಡ್ಡ ಕಾರ್ ತಗತಾ ಇವ್ನಿ!’

‘ಊಂ, ಒಳ್ಳೇದಾಯ್ತು ಬುಡು’ ಎಂದು ಫೋನಿಟ್ಟ ಮರಿಸ್ವಾಮಿ ಎದುರಿಗಿದ್ದ ಸ್ಟೂಲನ್ನು ಒದ್ದ. ಹೆಬ್ಬೆರಳಿನ ಉಗುರು ಕಿತ್ತು ಬಂತು. ಕೆಡಿಸಲು ಹೋಗಿ ಉದ್ಧಾರ ಮಾಡಿ ಬಂದ ಸಂಕಟದ ಮುಂದೆ ಆ ನೋವು ಏನೇನೂ ಅಲ್ಲ.

ಮತ್ತೆ ಗಂಜಾಂ. ಈ ಸಲ ಆಳೆತ್ತರದ ಕಪ್ಪು ಕಾರು. ಮರಿಸ್ವಾಮಿಗೆ ಹೇಳಲು ಯಾವ ನೆಪವೂ ಉಳಿದಿರಲಿಲ್ಲ. ಪೂಜೆ ಮುಗಿದು ನಿಂಬೆಹಣ್ಣು ಇಟ್ಟಾಯಿತು. ಲೈವ್ ಶುರು ಮಾಡಬೇಕು, ಅಷ್ಟರಲ್ಲಿ ಮುದ್ದಯ್ಯ ಕೀಲಿಯನ್ನು ತಂದು ಅವನ ಅಂಗೈಯಲ್ಲಿಟ್ಟ.

‘ಈ ಕಾರ್ ಬಂದಿದ್ದೇ ನಿನ್ನಿಂದ ಕಣಣ್ಣ. ಮೊದ್ಲು ನೀನೇ ಓಡುಸ್ಬೇಕು.’

ಬೇಡವೆಂದರೂ ಕೇಳಲಿಲ್ಲ. ಜೊತೆಗೆ ಬಂದಿದ್ದ ಮರಿಸ್ವಾಮಿಯ ಹೆಂಡತಿ ಸುನಿತಾ ಕ್ಯಾಮೆರಾ ಕಿತ್ತುಕೊಂಡು ಲೈವ್ ಒತ್ತಿದಳು. ಚಾನೆಲ್ ಹುಟ್ಟಿದಾಗಿನಿಂದ ಮರಿಸ್ವಾಮಿ ತನ್ನ ಚಾನೆಲ್ಲಿನಲ್ಲಿ ತಾನು ಕಾಣಿಸಿಕೊಂಡದ್ದು ಅದೇ ಮೊದಲು. ಬಾಗಿಲು ಹಾಕುವ ಮೊದಲೇ ನಾಗಮಂಗಲದಿಂದ ಫೋನು.

‘ಅಂತೂ ತಗಂಡ್ರಲ್ಲ ಮರಿಸ್ವಾಮಣ್ಣ! ಎಂತಾ ಗಾಡಿ!’

‘ನಂದಲ್ಲ. ನಮ್ಮ ಮುದ್ದಯ್ಯಂದು.’

ಕೆ.ಆರ್. ಪೇಟೆಯವನಿಗೂ ಅದನ್ನೇ ಹೇಳಿದ. ಪಕ್ಕದ ಸೀಟಿನಲ್ಲಿ ಮುದ್ದಯ್ಯ ಹಲ್ಲು ಕಿರಿಯುತ್ತ ಕೂತಿದ್ದ. ಮೂರನೆಯ ಫೋನು ಅವ್ವನದು. ಪುಟ್ಟತಾಯಮ್ಮನ ದನಿ ಕಾರಿಗೆಲ್ಲ ಕೇಳಿಸಿತು.

‘ಲೇ ಮಗ, ಟೀವೀಲಿ ನೋಡ್ದೆ ಕಣ್ಲಾ! ಬೀದಿ ಜನವೆಲ್ಲ ನಮ್ಮನೇಲೇ ಕೂತವ್ರೆ. ನನ್ ಮಗನೂ ಕಾರ್ ತಗಂಡ ಅಂತ ಎಲ್ರುಗೂ ಯೋಳ್ಬುಟ್ಟೆ...’ ಅವಳು ಅಳುತ್ತಿದ್ದಳು.

‘ನಂದಲ್ಲ’ ಎಂಬ ಮಾತು ಮರಿಸ್ವಾಮಿಯ ಬಾಯಿಂದ ಹೊರಡಲಿಲ್ಲ. ಮುದ್ದಯ್ಯ ಅವನ ಮುಖ ನೋಡಿದ. ಆಮೇಲೆ ಫೋನಿನ ಕಡೆ ಬಗ್ಗಿದ.

‘ಊಂ ಕಣ್ ದೊಡ್ಡವ್ವ, ಅಣ್ಣಂದೇಯ! ಸಂಜೀಕ್ ಬತ್ತೀವಿ. ಹೊಸ ಸೀರೆ ಉಟ್ಕಂಡು ರೆಡಿಯಾಗಿರು, ಒಂದ್ ರವುಂಡ್ ಓಗ್ಬರವ.’ ಫೋನ್ ಕಟ್ ಮಾಡಿ ಮೆಲ್ಲಗೆ ಅಂದ: ‘ನಿಧಾನುಕ್ ಯೋಳವ ಬುಡಣ್ಣ. ಇವತ್ತೊಂದಿನ ಖುಸಿಯಾಗಿರ್ಲಿ.’

ಮರಿಸ್ವಾಮಿಗೆ ಹೊಟ್ಟೆ ಇಷ್ಟು ಉರಿದದ್ದು ಹುಟ್ಟಿದ ಮೇಲೆ ಇದೇ ಮೊದಲು. ಕಾರನ್ನಾದರೆ ಸಾಲ ಮಾಡಿಯಾದರೂ ತರಬಹುದಿತ್ತು. ಈ ನನ್ಮಗನ ಮನಸ್ಸನ್ನು ಎಲ್ಲಿಂದ ತರುವುದು? ಹೊರಗೆ ಸುನಿತಾ ಕ್ಯಾಮೆರಾ ಹಿಡಿದು ‘ನಗ್ರೀ, ನಗ್ರೀ’ ಎಂದು ಸನ್ನೆ ಮಾಡುತ್ತಿದ್ದಳು. ನಾಲ್ಕು ತಾಲ್ಲೂಕು ನೋಡುತ್ತಿತ್ತು. ಮರಿಸ್ವಾಮಿ ಗೇರು ಹಾಕಿ ನಕ್ಕ.